ಆಪ್ಟಿಕಲ್ ಸ್ವಿಚ್ ಸಿಮ್ಯುಲೇಶನ್: 0.8 ಲೋಡ್‌ನಲ್ಲಿ ಲಾಸ್ ಸೊನ್ನೆ ಬರುತ್ತಿದೆ, ಹಾಗೇ ಬರೆಯಬಹುದಾ?

ಬೆಳಕಿನ_ಹುಡುಗಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ. ಪ್ರಾಜೆಕ್ಟ್ 16×16 ಆಪ್ಟಿಕಲ್ ಪ್ಯಾಕೆಟ್ ಸ್ವಿಚ್ ಮೇಲೆ. ಪ್ರತಿ ಪೋರ್ಟ್ 100 ಜಿಬಿಪಿಎಸ್. ಮಧ್ಯದಲ್ಲಿ ಎಸ್‌ಒಎ ಗೇಟ್‌ಗಳು, ಅಂದರೆ ಕರೆಂಟ್ ಕೊಟ್ಟರೆ ಬೆಳಕನ್ನು ಬಿಡುವ, ತೆಗೆದರೆ ತಡೆಯುವ ಸೆಮಿಕಂಡಕ್ಟರ್ ಆಂಪ್ಲಿಫೈಯರ್‌ಗಳು. ಬಫರ್ ಎಲ್ಲ ಇನ್‌ಪುಟ್ ಕಡೆ, ಎಲೆಕ್ಟ್ರಾನಿಕ್. ಪ್ರತಿ ಇನ್‌ಪುಟ್‌ನಲ್ಲೂ ಒಂದೊಂದು ಔಟ್‌ಪುಟ್‌ಗೆ ಒಂದೊಂದು ಕ್ಯೂ, ಅಂದರೆ ವಿಒಕ್ಯೂ. ಒಂದು ಕ್ಯೂನಲ್ಲಿ 64 ಪ್ಯಾಕೆಟ್‌ಗೆ ಜಾಗ. ಯಾವ ಇನ್‌ಪುಟ್ ಯಾವ ಔಟ್‌ಪುಟ್‌ಗೆ ಕಳಿಸಬೇಕು ಅಂತ ತೀರ್ಮಾನಿಸುವ ಶೆಡ್ಯೂಲರ್ ಐಸ್ಲಿಪ್, 4 ಸುತ್ತು. ಸ್ಲಾಟ್ ಅಂದರೆ 1500 ಬೈಟ್‌ನ ಒಂದು ಪ್ಯಾಕೆಟ್ ಹೋಗುವಷ್ಟು ಸಮಯ.

1 ಕೋಟಿ ಸ್ಲಾಟ್ ಓಡಿಸಿದ್ದೇನೆ. 0.8 ಲೋಡ್‌ನ ಲಾಗ್‌ನಲ್ಲಿ ಕೊನೇ ಸಾಲು ಹೀಗಿದೆ:

ಬಂದದ್ದು 12,80,03,112 | ಹೋದದ್ದು 12,80,03,041 | ಕ್ಯೂನಲ್ಲಿ ಉಳಿದದ್ದು 71 | ಬಿದ್ದದ್ದು 0

ಗೈಡ್ ಲಾಗ್ ಸ್ಕೇಲ್‌ನಲ್ಲಿ ಗ್ರಾಫ್ ಕೇಳಿದ್ದಾರೆ. ಸೊನ್ನೆಯನ್ನು ಲಾಗ್ ಸ್ಕೇಲ್‌ನಲ್ಲಿ ಎಲ್ಲಿ ಇಡಲಿ? ಬಿಟ್ ಎರರ್ ಲೆಕ್ಕವೂ ಇದರೊಳಗೇ ಬರಬೇಕಾ? ಟೂಲ್ ಯಾವುದು ಒಳ್ಳೆಯದು? ಈಗ ಪೈಥಾನ್‌ನಲ್ಲಿ ನಾನೇ ಬರೆದದ್ದು ಓಡುತ್ತಿದೆ.

ಚುರುಮುರಿ_ಪ್ಯಾಕೆಟ್

ಸೊನ್ನೆ ಬಂದರೆ ಖುಷಿ ಪಡಿ ಮೇಡಂ. ನಮ್ಮ ಏರಿಯಾ ಬ್ರಾಡ್‌ಬ್ಯಾಂಡ್‌ಗೆ ನಿಮ್ಮ ಸ್ವಿಚ್ ಹಾಕಿಸಿ ಕೊಡಿ.

ಕ್ಯೂನಲ್ಲಿ_ನಿಂತವ

ಸೊನ್ನೆ ಅಂತ ಬರೆಯಬೇಡಿ. «ಇದಕ್ಕಿಂತ ಕಡಿಮೆ» ಅಂತ ಬರೆಯಿರಿ.

ಲೆಕ್ಕ ಸುಲಭ. ಪ್ಯಾಕೆಟ್ ಕಳಿಸಿ ಒಂದೂ ಬೀಳಲಿಲ್ಲ ಅಂದರೆ, 95% ನಂಬಿಕೆಯ ಮೇಲ್ಮಿತಿ ಎಷ್ಟು ಅಂದರೆ 3 ಭಾಗಿಸು ಪ್ಯಾಕೆಟ್ ಸಂಖ್ಯೆ. ನೀವು ಕಳಿಸಿದ್ದು 12.8 ಕೋಟಿ. ಹಾಗಾಗಿ ನಿಮಗೆ ಗೊತ್ತಾದದ್ದು ಇಷ್ಟೇ: ಲಾಸ್ ಸುಮಾರು 4.3 ಕೋಟಿಗೆ ಒಂದಕ್ಕಿಂತ ಕಡಿಮೆ. ಗ್ರಾಫ್‌ನಲ್ಲಿ 2.3×10⁻⁸ ಹತ್ತಿರ ಕೆಳಮುಖ ಬಾಣ ಹಾಕಿ, ಅಷ್ಟು ಸಾಕು.

ಅದೂ ಪ್ಯಾಕೆಟ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಬೀಳುತ್ತವೆ ಅಂದುಕೊಂಡರೆ ಮಾತ್ರ. ಕ್ಯೂನಲ್ಲಿ ಹಾಗೆ ಆಗುವುದಿಲ್ಲ. ಒಮ್ಮೆ ತುಂಬಿದ ಕ್ಯೂ ಸ್ವಲ್ಪ ಹೊತ್ತು ತುಂಬಿಯೇ ಇರುತ್ತದೆ. ಬಿದ್ದರೆ ಗುಂಪಾಗಿ ಬೀಳುತ್ತವೆ, ಇಲ್ಲದಿದ್ದರೆ ಇಲ್ಲ. ಅದಕ್ಕೇ ನಿಜವಾದ ಮೇಲ್ಮಿತಿ ಈ ಲೆಕ್ಕಕ್ಕಿಂತ ಸಡಿಲ.

ಈಗ ಗೈಡ್ 10⁻⁹ ತೋರಿಸು ಅಂದರು ಅಂತ ಇಟ್ಟುಕೊಳ್ಳಿ. ನೂರು ಕೋಟಿಗೆ ಒಂದು. 10% ತಪ್ಪಿನೊಳಗೆ ಅಳೆಯಬೇಕಾದರೆ ನೂರು ಸಲವಾದರೂ ಲಾಸ್ ಕಾಣಬೇಕು. ಅಂದರೆ 10 ಸಾವಿರ ಕೋಟಿ ಪ್ಯಾಕೆಟ್. ನಿಮ್ಮ ಪ್ರೋಗ್ರಾಂ ಸೆಕೆಂಡಿಗೆ 10 ಲಕ್ಷ ಪ್ಯಾಕೆಟ್ ಮುಗಿಸಿದರೂ 1 ಲಕ್ಷ ಸೆಕೆಂಡ್, ಸುಮಾರು 28 ಗಂಟೆ. ಗ್ರಾಫ್‌ನ ಒಂದೇ ಚುಕ್ಕಿಗೆ! ಸಾದಾ ಪೈಥಾನ್ ಲೂಪ್ ಆ ವೇಗದ ಹತ್ತಿರವೂ ಬರುವುದಿಲ್ಲ.

ಇದಕ್ಕೊಂದು ದಾರಿ ಇದೆ, ಸ್ಪ್ಲಿಟಿಂಗ್ ಅನ್ನುತ್ತಾರೆ. ಕ್ಯೂ 20 ದಾಟಿದ ಕೂಡಲೇ ಆ ಸ್ಥಿತಿಯನ್ನು ಪೂರ್ತಿ ನಕಲು ಮಾಡಿ, ಬೇರೆ ಬೇರೆ ರ‍್ಯಾಂಡಮ್ ಸಂಖ್ಯೆ ಕೊಟ್ಟು ಐದಾರು ಕವಲಾಗಿ ಓಡಿಸುವುದು. 40 ದಾಟಿದಾಗ ಮತ್ತೆ ಕವಲು. ಕೊನೆಗೆ ಎಷ್ಟು ಕವಲು ಮಾಡಿದ್ದೀರೋ ಅಷ್ಟರಿಂದ ಭಾಗಿಸಿ. ಅಪರೂಪಕ್ಕೆ ನಡೆಯುವುದನ್ನು ಕಾದು ಕೂರದೆ ಅದರ ಕಡೆಗೇ ನಡೆದಂತೆ. ಬರೆಯುವುದು ಕಷ್ಟವಿಲ್ಲ. ಆದರೆ 256 ಕ್ಯೂಗಳಲ್ಲಿ ಯಾವುದರ ಉದ್ದ ನೋಡಿ ಕವಲು ಮಾಡಬೇಕು ಅನ್ನುವುದರಲ್ಲಿ ತಲೆ ಬಿಸಿಯಾಗುತ್ತದೆ.

ಅದೆಲ್ಲ ಆಮೇಲೆ. ಮೊದಲು ನಿಮ್ಮ ಕೋಡ್ ಸರಿ ಇದೆ ಅಂತ ಹೇಗೆ ಗೊತ್ತು? ವಿಒಕ್ಯೂ ತೆಗೆದು ಪ್ರತಿ ಇನ್‌ಪುಟ್‌ಗೆ ಒಂದೇ ಎಫ್‌ಐಎಫ್‌ಒ ಕ್ಯೂ, ಅಂದರೆ ಮೊದಲು ಬಂದದ್ದೇ ಮೊದಲು ಹೋಗುವ ಸಾಲು, ಇಡಿ. ಕ್ಯೂ ಯಾವತ್ತೂ ಖಾಲಿಯಾಗದಷ್ಟು ಪ್ಯಾಕೆಟ್ ತುಂಬಿ. ಎಷ್ಟು ಹೊರಗೆ ಹೋಗುತ್ತದೆ ನೋಡಿ. 2 ಪೋರ್ಟ್‌ಗೆ 0.75, 4ಕ್ಕೆ 0.655, 8ಕ್ಕೆ 0.618 ಬರಬೇಕು. ಪೋರ್ಟ್ ಜಾಸ್ತಿ ಮಾಡುತ್ತಾ ಹೋದರೆ 0.586ಕ್ಕೆ ಇಳಿಯುತ್ತದೆ, ಅಂದರೆ 2 ಕಳೆ √2. ಕರೋಲ್, ಲುಚಿ, ಮೋರ್ಗನ್ 1987ರಲ್ಲಿ ಕೊಟ್ಟ ಲೆಕ್ಕ ಇದು. ನಿಮ್ಮ ಕೋಡ್ 0.7 ಕೊಟ್ಟರೆ ಮುಂದಿನ ಯಾವ ಗ್ರಾಫೂ ನಂಬಬೇಡಿ.

ಚುರುಮುರಿ_ಪ್ಯಾಕೆಟ್

ಗುರು, 58% ಯಾಕೆ? ದಾರಿ ಖಾಲಿ ಇದ್ದರೂ ಹೋಗಲ್ವಾ?

ಕ್ಯೂನಲ್ಲಿ_ನಿಂತವ

ಹೋಗಲ್ಲ. ಸಿಗ್ನಲ್‌ನಲ್ಲಿ ನಿಮ್ಮ ಮುಂದಿನ ಆಟೋ ಬಲಕ್ಕೆ ತಿರುಗಲು ಕಾಯುತ್ತಿದೆ. ನೀವು ನೇರ ಹೋಗಬೇಕು. ಎದುರಿಗೆ ರಸ್ತೆ ಖಾಲಿ. ಆದರೂ ಹಾರ್ನ್ ಹೊಡೆಯುತ್ತಾ ನಿಲ್ಲಬೇಕು. ವಿಒಕ್ಯೂ ಅಂದರೆ ಬಲಕ್ಕೆ ಹೋಗುವವರಿಗೆ ಬೇರೆ ಲೇನ್.

ಬೆಳಕಿನ_ಹುಡುಗಿ

ತುಂಬಾ ಥ್ಯಾಂಕ್ಸ್ ಸರ್. ಎಫ್‌ಐಎಫ್‌ಒ ಪರೀಕ್ಷೆ ಈಗಲೇ ಓಡಿಸಿ ನೋಡಿದೆ. 2, 4, 8 ಪೋರ್ಟ್‌ಗೆ ನೀವು ಹೇಳಿದ ಸಂಖ್ಯೆಗಳೇ ಬಂದವು. 16ಕ್ಕೆ 0.60 ಆಸುಪಾಸು.

ಹಳೇ_ಎಕ್ಸ್‌ಚೇಂಜ್

ಮಗಳೇ, ಬೇಜಾರು ಮಾಡಿಕೊಳ್ಳಬೇಡ. ಆಪ್ಟಿಕಲ್ ಪ್ಯಾಕೆಟ್ ಸ್ವಿಚ್ ಇನ್ನೇನು ಬಂತು ಅನ್ನುವ ಮಾತನ್ನು ನಾನು ತೊಂಬತ್ತರ ದಶಕದಿಂದ ಕೇಳುತ್ತಿದ್ದೇನೆ. ಬಂದಿಲ್ಲ. ಬೆಳಕನ್ನು ನಿಲ್ಲಿಸಿ ಇಟ್ಟುಕೊಳ್ಳುವ ಮೆಮೊರಿ ಇಲ್ಲ, ಅದೇ ಮೂಲ ತೊಂದರೆ. ಇರುವುದು ಫೈಬರ್ ಸುರುಳಿ ಒಂದೇ. ಗಾಜಿನಲ್ಲಿ ಬೆಳಕು 1 ಕಿ.ಮೀ. ಹೋಗಲು 5 ಮೈಕ್ರೋಸೆಕೆಂಡ್. ಒಂದು ಪ್ಯಾಕೆಟನ್ನು 1 ಮಿಲಿಸೆಕೆಂಡ್ ಕಾಯಿಸಬೇಕಾದರೆ 200 ಕಿ.ಮೀ. ಫೈಬರ್ ಸುತ್ತಬೇಕು. ಇಲ್ಲಿಂದ ಎಳೆದರೆ ಮೈಸೂರು ದಾಟಿ ಇನ್ನೂ ಮುಂದೆ.

ನಿಜವಾಗಿ ಓಡುತ್ತಿರುವುದು ಸರ್ಕ್ಯೂಟ್ ಸ್ವಿಚಿಂಗ್, ಅಂದರೆ ಒಂದು ದಾರಿ ಕಟ್ಟಿ ಸ್ವಲ್ಪ ಹೊತ್ತು ಹಾಗೇ ಹಿಡಿದಿಡುವುದು. ಟೆಲಿಕಾಂ ಜಾಲದಲ್ಲಿ ತರಂಗಾಂತರಗಳನ್ನು ಬೇಕಾದ ಕಡೆ ಇಳಿಸಿ ಏರಿಸುವ ರೋಡಮ್, ಅದರೊಳಗೆ ತರಂಗಾಂತರ ಆರಿಸುವ ಡಬ್ಲ್ಯುಎಸ್‌ಎಸ್. ಡೇಟಾ ಸೆಂಟರ್‌ನಲ್ಲಿ ಪುಟ್ಟ ಕನ್ನಡಿಗಳ ಮೆಮ್ಸ್ ಸ್ವಿಚ್. ಗೂಗಲ್‌ನವರು 2022ರಲ್ಲಿ ತಮ್ಮ ಜುಪಿಟರ್ ಜಾಲದ ಬಗ್ಗೆ ಬರೆದರಲ್ಲ, ಅದರಲ್ಲಿರುವುದು 136×136 ಕನ್ನಡಿ ಸ್ವಿಚ್. ಬಫರ್ ಇಲ್ಲ, ಪ್ಯಾಕೆಟ್ ಅಂದರೆ ಏನು ಅಂತಲೂ ಅದಕ್ಕೆ ಗೊತ್ತಿಲ್ಲ. ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಕನ್ನಡಿ ತಿರುಗಿ ನಿಲ್ಲಲು 10 ಮಿಲಿಸೆಕೆಂಡ್ ಬೇಕು ಅಂದರೆ, 99% ಸಮಯ ಉಪಯೋಗಕ್ಕೆ ಸಿಗಬೇಕಾದರೆ ಪ್ರತಿ ಸಂಪರ್ಕವನ್ನೂ ಹತ್ತಿರ ಹತ್ತಿರ 1 ಸೆಕೆಂಡ್ ಹಿಡಿದಿರಬೇಕು. ಸಿಮ್ಯುಲೇಶನ್ ಮಾಡುವುದಾದರೆ ಅದನ್ನು ಮಾಡು.

ಇಲ್ಲ, ಬಫರ್ ಇಲ್ಲದೆ ಬರ್ಸ್ಟ್, ಅಂದರೆ ಪ್ಯಾಕೆಟ್ ಗುಂಪು, ಕಳಿಸುತ್ತೇನೆ ಅಂದರೆ ಸಿಮ್ಯುಲೇಟರೇ ಬೇಡ. ಎರ‍್ಲಾಂಗ್ 1917ರಲ್ಲೇ ಸೂತ್ರ ಕೊಟ್ಟಿದ್ದಾನೆ. ಟೆಲಿಫೋನ್ ಲೈನ್‌ಗೆ ಬರೆದದ್ದು, ತರಂಗಾಂತರಕ್ಕೂ ಹಾಗೇ ಹೊಂದುತ್ತದೆ. ಲೋಡ್ 0.8 ಇಟ್ಟುಕೋ. ತರಂಗಾಂತರ ಬದಲಿಸುವ ಸೌಲಭ್ಯ ಇಲ್ಲದಿದ್ದರೆ ಪ್ರತಿ ತರಂಗಾಂತರವೂ ಒಂಟಿ ಲೈನ್: 44% ಬರ್ಸ್ಟ್ ಬೀಳುತ್ತವೆ. 4 ತರಂಗಾಂತರ ಹಂಚಿಕೊಂಡರೆ 23%. 16 ಹಂಚಿಕೊಂಡರೆ 8%. ಲೋಡ್ ಅರ್ಧಕ್ಕೆ ಇಳಿಸಿ 16 ಹಂಚಿಕೊಂಡರೆ ಅರ್ಧ ಪರ್ಸೆಂಟ್‌ಗಿಂತ ಕಡಿಮೆ. ದೂರವಾಣಿನಗರದಲ್ಲಿ ಬೆಳೆದವನು ನಾನು, ಈ ಟೇಬಲ್ ನಮಗೆ ಮಗ್ಗಿ ಇದ್ದ ಹಾಗೆ ಬಾಯಿಗೆ ಬರುತ್ತಿತ್ತು.

ಕತ್ತಲೆ_ಲ್ಯಾಬ್

ಸರ್, ಎರ‍್ಲಾಂಗ್ ವಿಷಯ ಒಪ್ಪಿದೆ. ಆದರೆ «ಬಂದಿಲ್ಲ» ಅಂತ ಬಾಗಿಲು ಹಾಕಬೇಡಿ. ಮೈಕ್ರೋಸಾಫ್ಟ್‌ನವರ ಸಿರಿಯಸ್ ಪ್ರಬಂಧ 2020ರಲ್ಲಿ ಬಂತು. ಲೇಸರ್ ತನ್ನ ತರಂಗಾಂತರ ಬದಲಿಸುತ್ತದೆ, ಮಧ್ಯದಲ್ಲಿ ಕರೆಂಟ್ ಬೇಡದ ಗ್ರೇಟಿಂಗ್ ಒಂದು ಆ ಬಣ್ಣ ನೋಡಿ ದಾರಿ ತೋರಿಸುತ್ತದೆ. ಒಂದು ತುದಿಯಿಂದ ಇನ್ನೊಂದಕ್ಕೆ 3.84 ನ್ಯಾನೋಸೆಕೆಂಡ್‌ನಲ್ಲಿ ಸಂಪರ್ಕ ಬದಲಾಗುವುದನ್ನು ಪ್ರೊಟೋಟೈಪ್‌ನಲ್ಲಿ ತೋರಿಸಿದ್ದಾರೆ. ಅಲ್ಲೂ ಬಫರ್ ತುದಿಯಲ್ಲಿ, ಎಲೆಕ್ಟ್ರಾನಿಕ್. ಇವರ ಪ್ರಾಜೆಕ್ಟ್‌ನಲ್ಲಿ ಇರುವ ಹಾಗೇ.

ಈಗ ಬೆಳಕಿನ_ಹುಡುಗಿ ಅವರಿಗೆ. ನಿಮ್ಮ ಪೋಸ್ಟ್‌ನಲ್ಲಿ ಒಂದು ಸಂಖ್ಯೆ ಹುಡುಕಿದೆ, ಸಿಗಲಿಲ್ಲ. ಗಾರ್ಡ್ ಟೈಮ್, ಅಂದರೆ ಎರಡು ಪ್ಯಾಕೆಟ್ ಮಧ್ಯೆ ಬಿಡುವ ಖಾಲಿ ಸಮಯ, ಎಷ್ಟು?

1500 ಬೈಟ್, 100 ಜಿಬಿಪಿಎಸ್: 120 ನ್ಯಾನೋಸೆಕೆಂಡ್. ಆ ಪ್ಯಾಕೆಟ್ ಫೈಬರ್‌ನಲ್ಲಿ 24 ಮೀಟರ್ ಉದ್ದ ಇರುತ್ತದೆ, ಅಷ್ಟೇ. ಎರಡು ಪ್ಯಾಕೆಟ್ ಮಧ್ಯೆ ಗೇಟ್ ಮುಚ್ಚಿ ತೆರೆಯಲು ಜಾಗ ಬಿಡಬೇಕು. ಎಸ್‌ಒಎ ಒಂದೆರಡು ನ್ಯಾನೋಸೆಕೆಂಡ್‌ನಲ್ಲಿ ತೆರೆದುಕೊಳ್ಳುತ್ತದೆ, ಸಮಸ್ಯೆ ಅದಲ್ಲ. ಸ್ಕೋಪ್‌ನಲ್ಲಿ ಒಮ್ಮೆ ನೋಡಬೇಕು ನೀವು. ಗೇಟ್ ತೆರೆದಾಗ ಪವರ್ ಏರುತ್ತದೆ, ಮೊದಲ ಕೆಲವು ಬಿಟ್‌ಗಳು ಉಳಿದವಕ್ಕಿಂತ ಎತ್ತರ ನಿಲ್ಲುತ್ತವೆ. ಆಗಿನ್ನೂ ಆಂಪ್ಲಿಫೈಯರ್ ಗೇನ್ ಪೂರ್ತಿ ಇರುತ್ತದೆ. ಬೆಳಕು ನುಗ್ಗಿದ ಮೇಲೆ ಗೇನ್ ಕುಗ್ಗಿ ಮಟ್ಟಕ್ಕೆ ಬರುತ್ತದೆ. ಪಕ್ಕದ ಪೋರ್ಟ್‌ನಿಂದ ಬಂದ ಮುಂದಿನ ಪ್ಯಾಕೆಟ್ ಬೇರೆಯದೇ ಎತ್ತರ, ಬೇರೆಯದೇ ಕ್ಲಾಕ್ ಫೇಸ್. ರಿಸೀವರ್ ಪ್ರತಿ ಸಲವೂ ಮಟ್ಟ ಹುಡುಕಬೇಕು, ಕ್ಲಾಕ್ ಹಿಡಿಯಬೇಕು. ಗಾರ್ಡ್ ಟೈಮ್ ಹೋಗುವುದು ಅಲ್ಲೇ.

ಇನ್ನೊಂದು, ಎಲ್ಲ ಪೋರ್ಟ್‌ಗಳೂ ಸ್ಲಾಟ್ ಒಟ್ಟಿಗೇ ಶುರು ಮಾಡಬೇಕು. 2 ಮೀಟರ್ ಪ್ಯಾಚ್ ಕಾರ್ಡ್ ತೆಗೆದು 3 ಮೀಟರ್ ಹಾಕಿದರೆ 5 ನ್ಯಾನೋಸೆಕೆಂಡ್ ಆಚೀಚೆ. ಸಿಮ್ಯುಲೇಶನ್‌ನಲ್ಲಿ ಯಾರೂ ಪ್ಯಾಚ್ ಕಾರ್ಡ್ ಬದಲಿಸುವುದಿಲ್ಲ ನೋಡಿ, ಅದಕ್ಕೇ ಅದು ಯಾವಾಗಲೂ ಚೆಂದ ಕಾಣುತ್ತದೆ.

ಗಾರ್ಡ್ 30 ನ್ಯಾನೋಸೆಕೆಂಡ್ ಅಂತ ಇಟ್ಟುಕೊಳ್ಳಿ. ಸ್ಲಾಟ್ 150 ಆಯಿತು, ಕೆಲಸಕ್ಕೆ ಬರುವುದು 120. ಅಂದರೆ 80%. ನಿಮ್ಮ 0.8 ಲೋಡ್ ಇದೆಯಲ್ಲ, ಅದೇ ಈ ಸ್ವಿಚ್‌ಗೆ ಪೂರ್ತಿ ಲೋಡ್. ಅಲ್ಲಿ ಸೊನ್ನೆ ಲಾಸ್ ಬರಲು ಸಾಧ್ಯವೇ ಇಲ್ಲ.

ಬೆಳಕಿನ_ಹುಡುಗಿ

ಅಯ್ಯೋ. ಹಾಗಾದರೆ ಸ್ಲಾಟ್ ದೊಡ್ಡದು ಮಾಡಿದರೆ? ಹತ್ತು ಪ್ಯಾಕೆಟ್ ಸೇರಿಸಿ 1200 ನ್ಯಾನೋಸೆಕೆಂಡ್, ಅದಕ್ಕೆ 30 ಗಾರ್ಡ್. 97.6% ಸಿಗುತ್ತದೆ ಅಲ್ವಾ?

ಕ್ಯೂನಲ್ಲಿ_ನಿಂತವ

ಸಿಗುತ್ತದೆ. ಆದರೆ ಆ ಸ್ಲಾಟ್ ತುಂಬುವವರೆಗೆ ಕಾಯಬೇಕು. ಲೋಡ್ 0.1 ಇದ್ದಾಗ ಒಂದು ವಿಒಕ್ಯೂಗೆ ಬರುವುದು 10 ಜಿಬಿಪಿಎಸ್‌ನ ಹದಿನಾರನೇ ಒಂದು ಭಾಗ, 0.625 ಜಿಬಿಪಿಎಸ್. 15,000 ಬೈಟ್ ಸೇರಲು 192 ಮೈಕ್ರೋಸೆಕೆಂಡ್. ಸ್ವಿಚ್ ಖಾಲಿ ಬಿದ್ದಿರುವಾಗಲೇ ಡಿಲೇ ಜಾಸ್ತಿ! ಟೈಮ್‌ಔಟ್ ಇಟ್ಟು ಅರ್ಧ ತುಂಬಿದ ಸ್ಲಾಟ್ ಕಳಿಸಬಹುದು. ಆಗ 97.6% ಅನ್ನುವ ಮಾತು ಹೋಯಿತು. ಡಿಲೇ ಗ್ರಾಫ್ ಎಡಗಡೆ ಎತ್ತರ, ಮಧ್ಯೆ ತಗ್ಗು, ಬಲಗಡೆ ಮತ್ತೆ ಎತ್ತರ ಬರುತ್ತದೆ. ಬಂದರೆ ಕೋಡ್ ತಪ್ಪು ಅಂತ ಗಾಬರಿ ಬೀಳಬೇಡಿ.

ತಡವಾಗಿ_ಬಂದೆ

ಟ್ರಾಫಿಕ್ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಪ್ರತಿ ಸ್ಲಾಟ್‌ಗೂ ನಾಣ್ಯ ಚಿಮ್ಮಿ ಪ್ಯಾಕೆಟ್ ಹುಟ್ಟಿಸಿ, ಹದಿನಾರು ಔಟ್‌ಪುಟ್‌ಗೂ ಸಮ ಹಂಚಿದರೆ ಐಸ್ಲಿಪ್ 100% ತನಕ ಹೋಗುತ್ತದೆ. ಅದರ ಪ್ರಬಂಧದಲ್ಲೇ ಇದೆ. ಅದನ್ನು ಮತ್ತೆ ತೋರಿಸಿ ಏನು ಪ್ರಯೋಜನ? ಡಯಾಗನಲ್ ಟ್ರಾಫಿಕ್ ಕೊಟ್ಟು ನೋಡಿ. ಪ್ರತಿ ಇನ್‌ಪುಟ್ ಮೂರರಲ್ಲಿ ಎರಡು ಭಾಗ ತನ್ನ ನೇರ ಔಟ್‌ಪುಟ್‌ಗೆ, ಒಂದು ಭಾಗ ಪಕ್ಕದ್ದಕ್ಕೆ. ಐಸ್ಲಿಪ್ ಅಲ್ಲಿ 100% ಮುಟ್ಟುವುದಿಲ್ಲ.

ಜೊತೆಗೆ ಬರ್ಸ್ಟ್. ಬೆಲ್‌ಕೋರ್‌ನ ಈಥರ್ನೆಟ್ ಅಳತೆ ಇಟ್ಟುಕೊಂಡು ಲೇಲಂಡ್ ಮತ್ತು ಜೊತೆಗಾರರು 1994ರಲ್ಲೇ ಹೇಳಿದರು, ಸೆಕೆಂಡ್‌ಗಟ್ಟಲೆ ಸರಾಸರಿ ತೆಗೆದರೂ ನಿಜವಾದ ಟ್ರಾಫಿಕ್ ನುಣುಪಾಗುವುದಿಲ್ಲ ಅಂತ. ಪರೇಟೋ ಆನ್-ಆಫ್ ಮೂಲಗಳನ್ನು, ಅಂದರೆ ಆಗಾಗ ವಿಪರೀತ ಉದ್ದದ ಬರ್ಸ್ಟ್ ಕಳಿಸುವ ಮೂಲಗಳನ್ನು, ಬಳಸಿ. ಆ ಉದ್ದದ ಹಂಚಿಕೆಯ ಆಲ್ಫಾ 1.4 ಇಟ್ಟರೆ, ಟ್ರಾಫಿಕ್ ಎಷ್ಟು ಒರಟು ಅಂತ ಹೇಳುವ ಹರ್ಸ್ಟ್ ಸಂಖ್ಯೆ 0.8 ಬರುತ್ತದೆ.

ಕ್ಯೂನಲ್ಲಿ_ನಿಂತವ

ಡಯಾಗನಲ್ ಒಪ್ಪುತ್ತೇನೆ. ಪರೇಟೋ ಮಾತ್ರ ಎಂ.ಟೆಕ್ ಪ್ರಾಜೆಕ್ಟ್‌ಗೆ ಹಾವನ್ನು ಕರೆದು ಕಾಲಿಗೆ ಸುತ್ತಿಕೊಂಡ ಹಾಗೆ. ಆಲ್ಫಾ 2ಕ್ಕಿಂತ ಕಡಿಮೆ ಇದ್ದರೆ ವೇರಿಯನ್ಸ್ ಅನಂತ. ಸರಾಸರಿ ನೆಲೆಗೆ ಬರುವುದೇ ಇಲ್ಲ ಅನ್ನಿಸುವಷ್ಟು ನಿಧಾನ. ಮೂರು ಸೀಡ್ (ರ‍್ಯಾಂಡಮ್ ಸಂಖ್ಯೆಗಳ ಆರಂಭದ ಸಂಖ್ಯೆ), ಮೂರು ಉತ್ತರ. ವಾರ್ಮ್-ಅಪ್ ಅಂತ ಶುರುವಿನ ಎಷ್ಟು ಸ್ಲಾಟ್ ಲೆಕ್ಕದಿಂದ ಬಿಡಬೇಕು ಅಂತಲೂ ಗೊತ್ತಾಗುವುದಿಲ್ಲ. ಮೊದಲು ಸಾದಾ ಆನ್-ಆಫ್, ಸರಾಸರಿ ಬರ್ಸ್ಟ್ 16 ಪ್ಯಾಕೆಟ್. ಅಷ್ಟರಲ್ಲೇ 64ರ ಬಫರ್ ಸಾಕಾಗುವುದಿಲ್ಲ ಅಂತ ಕಾಣುತ್ತದೆ.

ತಡವಾಗಿ_ಬಂದೆ

ಕಷ್ಟ ಅಂತ ಬಿಟ್ಟರೆ ಅದು ಸಿಮ್ಯುಲೇಶನ್ ಆಗಲ್ಲ, ಸುಮ್ನೆ ಸೂತ್ರದ ನಕಲು.

ನಿರ್ವಾಹಕ

ಇಬ್ಬರೂ ಸ್ವಲ್ಪ ತಣ್ಣಗೆ. ಟೂಲ್ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಕತ್ತಲೆ_ಲ್ಯಾಬ್

ಟೂಲ್ ಮತ್ತು ಬಿಟ್ ಎರರ್, ಎರಡಕ್ಕೂ ಒಟ್ಟಿಗೇ ಹೇಳುತ್ತೇನೆ.

ಒಂದೇ ಸಿಮ್ಯುಲೇಟರ್‌ನಲ್ಲಿ ಎರಡನ್ನೂ ತುರುಕಬೇಡಿ. ಬೆಳಕಿನ ಅಲೆಯನ್ನು ಲೆಕ್ಕ ಹಾಕುವ ಟೂಲ್‌ಗಳು ಪಿಕೋಸೆಕೆಂಡ್ ಹೆಜ್ಜೆಯಲ್ಲಿ ನಡೆಯುತ್ತವೆ. 50 ಗಿಗಾಬಾಡ್ ಅಂದರೆ ಒಂದು ಸಿಂಬಲ್ 20 ಪಿಕೋಸೆಕೆಂಡ್. ಒಂದು ಸಿಂಬಲ್‌ಗೆ 16 ಸ್ಯಾಂಪಲ್ ಇಟ್ಟರೆ ಹೆಜ್ಜೆ 1.25 ಪಿಕೋಸೆಕೆಂಡ್. ಜಾಲದ 1 ಮಿಲಿಸೆಕೆಂಡ್ ನೋಡಲು ಪ್ರತಿ ಪೋರ್ಟ್‌ಗೂ 80 ಕೋಟಿ ಸ್ಯಾಂಪಲ್. ಆ 1 ಮಿಲಿಸೆಕೆಂಡ್‌ನಲ್ಲಿ ಹೋಗುವ ಪ್ಯಾಕೆಟ್ ಎಂಟು ಸಾವಿರ ಚಿಲ್ಲರೆ. ಅಷ್ಟರಲ್ಲಿ ಲಾಸ್ ಬಗ್ಗೆ ಏನು ಹೇಳುತ್ತೀರಿ?

ಹಾಗಾಗಿ ಎರಡು ಮೆಟ್ಟಿಲು. ಮೊದಲು ಆಪ್ಟಿಸಿಸ್ಟಮ್, ವಿಪಿಐ ಥರದ ಟೂಲ್‌ನಲ್ಲಿ ಒಂದು ದಾರಿ ಮಾತ್ರ ಕಟ್ಟಿ: ಲೇಸರ್, 16ಕ್ಕೆ ಹಂಚುವ ಸ್ಪ್ಲಿಟರ್, ಎಸ್‌ಒಎ, ರಿಸೀವರ್. ಸ್ಪ್ಲಿಟರ್ ಒಂದೇ 12 ಡಿಬಿ ತಿನ್ನುತ್ತದೆ. ಇನ್‌ಪುಟ್ ಪವರ್ ಬದಲಿಸುತ್ತಾ, ಅದೇ ಎಸ್‌ಒಎನಲ್ಲಿ ಎಷ್ಟು ತರಂಗಾಂತರ ಒಟ್ಟಿಗೆ ಹೋಗುತ್ತಿವೆ ಅನ್ನುವುದನ್ನೂ ಬದಲಿಸುತ್ತಾ, ಬಿಟ್ ಎರರ್‌ನ ಟೇಬಲ್ ಮಾಡಿಕೊಳ್ಳಿ. ಬಿಟ್ ಎಣಿಸಿ 10⁻¹² ನೋಡುತ್ತೇನೆ ಅಂತ ಹೋಗಬೇಡಿ, ಕ್ಯೂ-ಫ್ಯಾಕ್ಟರ್‌ನಿಂದ (ಸಾಲಿನ ಕ್ಯೂ ಅಲ್ಲ, ಸಿಗ್ನಲ್ ಎಷ್ಟು ಸ್ಪಷ್ಟ ಅಂತ ಹೇಳುವ Q) ಲೆಕ್ಕ ಹಾಕಿ. 6 ಬಂದರೆ 10⁻⁹, 7 ಬಂದರೆ 10⁻¹² ಹತ್ತಿರ. ತಪ್ಪಾದ ಬಿಟ್ ತಿದ್ದುವ ಈಥರ್ನೆಟ್‌ನ ಕೆಪಿ4 ಎಫ್‌ಇಸಿ ಹಾಕುವುದಾದರೆ ಬಿಟ್ ಎರರ್ 2.4×10⁻⁴ಕ್ಕಿಂತ ಕೆಳಗೆ ಇದ್ದರೆ ಸಾಕು.

ಆಮೇಲೆ ಆ ಟೇಬಲನ್ನು ಪ್ಯಾಕೆಟ್ ಸಿಮ್ಯುಲೇಟರ್‌ಗೆ ಕೊಡಿ. ಪ್ರತಿ ಸ್ಲಾಟ್‌ಗೂ ಎಷ್ಟು ಗೇಟ್ ತೆರೆದಿವೆ ನೋಡಿ, ಟೇಬಲ್‌ನಲ್ಲಿ ಹುಡುಕಿ, ಅಷ್ಟು ಸಂಭವದಲ್ಲಿ ಪ್ಯಾಕೆಟ್ ಕೆಡಿಸಿ. ಕೆಲವರು ಒಂದೇ ಸರಾಸರಿ ಎರರ್ ರೇಟ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಆಫ್ ಆಗಿರುವ ಗೇಟ್‌ಗಳಿಂದಲೂ ಒಂಚೂರು ಬೆಳಕು ಸೋರುತ್ತದೆ. ಲೋಡ್ ಜಾಸ್ತಿಯಾದಷ್ಟೂ ಸೋರುವ ಬೆಳಕೂ ಜಾಸ್ತಿ. ಅಂದರೆ ಎರರ್ ರೇಟ್ ಲೋಡ್ ಜೊತೆ ಏರುತ್ತದೆ. ಸರಾಸರಿ ಹಾಕಿದರೆ ಇದೇ ಮುಚ್ಚಿಹೋಗುತ್ತದೆ.

ಪ್ಯಾಕೆಟ್ ಕಡೆಗೆ ಓಮ್ನೆಟ್++ ಅಥವಾ ಎನ್‌ಎಸ್-3 ಒಳ್ಳೆಯವೇ. ಆದರೆ ನಿಮ್ಮದು ಸ್ಲಾಟ್ ಲೆಕ್ಕದ ಒಂದೇ ಸ್ವಿಚ್. ಅಷ್ಟಕ್ಕೆ ಅವು ಭಾರ. 256 ಕೌಂಟರ್, ಒಂದು ಲೂಪ್, ಸಿ++ನಲ್ಲಿ ಬರೆದುಬಿಡಿ. ಜಿಎನ್‌ಪೈ ಅಂತ ಯಾರಾದರೂ ಹೇಳಿದರೆ, ಅದು ಒಂದೇ ಫೈಬರ್‌ನಲ್ಲಿ ಹಲವು ತರಂಗಾಂತರ ಕಳಿಸುವ ದೂರದ ಡಬ್ಲ್ಯುಡಿಎಂ ಲೈನ್‌ಗಳಿಗೆ. ಉಚಿತ, ಚೆನ್ನಾಗಿಯೂ ಇದೆ, ನಿಮಗೆ ಬೇಡ.

ಕ್ಯೂನಲ್ಲಿ_ನಿಂತವ

ಒಂದು ಸೇರಿಸುತ್ತೇನೆ. ಪ್ರತಿ ಪೋರ್ಟ್‌ಗೂ ಬೇರೆ ರ‍್ಯಾಂಡಮ್ ಸ್ಟ್ರೀಮ್ ಕೊಡಿ. ಎರಡು ಶೆಡ್ಯೂಲರ್ ಹೋಲಿಸುವಾಗ ಇಬ್ಬರಿಗೂ ಅದೇ ಸೀಡ್, ಅದೇ ಟ್ರಾಫಿಕ್. ಇಲ್ಲದಿದ್ದರೆ ಗೆದ್ದದ್ದು ಶೆಡ್ಯೂಲರೋ ಅದೃಷ್ಟವೋ ತಿಳಿಯುವುದಿಲ್ಲ.

ಬೆಳಕಿನ_ಹುಡುಗಿ

ಸಿ++ಗೆ ಬದಲಿಸಿದೆ, ಗಾರ್ಡ್ 30 ಸೇರಿಸಿದೆ. ಪ್ಯಾಕೆಟ್ ಬರುವ ಗಡಿಯಾರ ಬೇರೆ, ಸ್ವಿಚ್ ಸ್ಲಾಟ್‌ನ ಗಡಿಯಾರ ಬೇರೆ ಇಟ್ಟಿದ್ದೇನೆ. ಲೈನ್ ಲೋಡ್ 0.7 ತನಕ ಬಿದ್ದದ್ದು ಇಲ್ಲ. ಅಲ್ಲಿ ಬಾಣ ಹಾಕಿದ್ದೇನೆ. 0.8 ಹತ್ತಿರ ಬರುತ್ತಿದ್ದ ಹಾಗೆ ಡಿಲೇ ನೇರ ಮೇಲಕ್ಕೆ. 0.85ರಲ್ಲಿ ಲಾಸ್ ಸುಮಾರು 6%.

ಕ್ಯೂನಲ್ಲಿ_ನಿಂತವ

0.85 ಭಾಗಿಸು 0.8 ಅಂದರೆ 1.0625. ಒಂದು ಸ್ಲಾಟ್‌ಗೆ ಅಷ್ಟು ಬರುತ್ತದೆ, ಹೋಗುವುದು ಹೆಚ್ಚೆಂದರೆ 1. ಬೀಳಲೇಬೇಕಾದದ್ದು 5.88%. ನಿಮ್ಮ 6 ಸರಿಯಾಗಿದೆ.

ಹಳೇ_ಎಕ್ಸ್‌ಚೇಂಜ್

ಈಗ ನಂಬಿಕೆ ಬಂತು ನೋಡು. ಒಳಗಿನ ದಾರಿಯ ವೇಗ ಜಾಸ್ತಿ ಮಾಡಿದರೆ? ಹೊರಗೆ 100, ಸ್ವಿಚ್ ಒಳಗೆ 125. ಆಗ ಪ್ಯಾಕೆಟ್ 96 ನ್ಯಾನೋಸೆಕೆಂಡ್‌ನಲ್ಲಿ ಮುಗಿಯುತ್ತದೆ, 30 ಗಾರ್ಡ್ ಸೇರಿ 126. 120ರೊಳಗೆ ಮುಗಿಯಬೇಕು, ಇನ್ನೂ 6 ಕಮ್ಮಿ ಬೀಳುತ್ತದೆ. 134 ಜಿಬಿಪಿಎಸ್ ಬೇಕು.

ಕತ್ತಲೆ_ಲ್ಯಾಬ್

ಬರೀ 1.25 ಪಟ್ಟು ಸಾಕು ಅಂದುಕೊಳ್ಳುವವರೇ ಜಾಸ್ತಿ, ನೀವು ಗಾರ್ಡ್ ಬದಲಾಗಲ್ಲ ಅನ್ನುವುದನ್ನು ಹಿಡಿದಿರಿ ಸರ್. 90 ನ್ಯಾನೋಸೆಕೆಂಡ್‌ನಲ್ಲಿ ಪ್ಯಾಕೆಟ್ ಮುಗಿಸಬೇಕು, ಅಂದರೆ 1.33 ಪಟ್ಟು. ಆದರೆ ಬಾಡ್ ರೇಟ್ ಅಷ್ಟು ಏರಿಸಿದರೆ ಅದೇ ಎರರ್ ರೇಟ್‌ಗೆ ಓಎಸ್‌ಎನ್‌ಆರ್, ಅಂದರೆ ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಬಲ, ಸುಮಾರು 1.25 ಡಿಬಿ ಜಾಸ್ತಿ ಬೇಕು. ಸ್ಪ್ಲಿಟರ್ 12 ಡಿಬಿ ತಿಂದ ಮೇಲೆ ಎಸ್‌ಒಎಗೆ ಬರುವ ಬೆಳಕು ಮೊದಲೇ ಕಮ್ಮಿ. ಲೇಸರ್ ಪವರ್ ಏರಿಸಿದರೆ ಎಸ್‌ಒಎ ಸ್ಯಾಚುರೇಟ್ ಆಗಿ ಬಿಟ್‌ಗಳು ಒಂದರ ಮೇಲೊಂದು ಬೀಳುತ್ತವೆ. ಆ 1.25 ಡಿಬಿ ನಿಮ್ಮ ಹತ್ತಿರ ಇದೆಯಾ? ಪವರ್ ಬಜೆಟ್ ಶೀಟ್ ಹಾಕಿ, ನೋಡೋಣ.

ಬೆಳಕಿನ_ಹುಡುಗಿ

ಶೀಟ್ ಗೈಡ್ ಹತ್ತಿರ ಇದೆ ಸರ್. ಸೋಮವಾರ ಇಸಿದುಕೊಂಡು ಇಲ್ಲೇ ಹಾಕುತ್ತೇನೆ. ಅಷ್ಟರಲ್ಲಿ ಡಯಾಗನಲ್ ಟ್ರಾಫಿಕ್ ಓಡಿಸಿಡುತ್ತೇನೆ.